ಕೌದಿಯ ಕೀರ್ದಿ: ಮನೆತನದ ನೆನಪು, ಹೂವಿನ ಹೊಲಿಗೆ ಮತ್ತು ಲೆಕ್ಕಕ್ಕೆ ಬಾರದ ದುಡಿಮೆ

ಹಳೆಯ ವರ್ತಕ ಮನೆತನಗಳಲ್ಲಿ ಕೀರ್ದಿ, ಖತಾವಣಿ ಪುಸ್ತಕಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಜತನವಾಗಿ ಇಡುವ ಪದ್ಧತಿ ಇತ್ತು. ಯಾವ ವರ್ಷ ಎಷ್ಟು ಹತ್ತಿ ಮಾರಾಟವಾಯಿತು, ಯಾವ ಅಡತಿಯಲ್ಲಿ ಎಷ್ಟು ಬಾಕಿ ಉಳಿಯಿತು ಎಂಬುದು ಅವುಗಳಿಂದ ತಿಳಿಯುತ್ತಿತ್ತು. ಅದೇ ಮನೆಯ ಒಳಕೋಣೆಯಲ್ಲಿ, ಟ್ರಂಕಿನ ಮೇಲೆ ಮಡಿಸಿಟ್ಟ ಕೌದಿಗಳಲ್ಲಿ ಬೇರೊಂದು ಬಗೆಯ ದಾಖಲೆ ಇರುತ್ತದೆ. ಅಜ್ಜಿಯ ಮದುವೆಯ ಇಳಕಲ್ ಸೀರೆಯ ಸೆರಗು, ಅಜ್ಜನ ಧೋತರ, ತವರಿನಿಂದ ಬಂದ ಗುಳೇದಗುಡ್ಡದ ಖಣ, ಮೊಮ್ಮಗಳ ಮೊದಲ ಲಂಗ ಇವೆಲ್ಲ ತುಂಡು ತುಂಡಾಗಿ ಅಲ್ಲಿ ಒಂದೆಡೆ ಸೇರಿರುತ್ತವೆ. ಗುರುತಿಸಬಲ್ಲವರಿಗೆ ಅದು ಮೂರು ತಲೆಮಾರುಗಳ ಚರಿತ್ರೆ.

ಮಾರುಕಟ್ಟೆಯಲ್ಲಿ ಈ ವಸ್ತುವಿಗೆ ಇರುವ ಸ್ಥಾನ ಮಾತ್ರ ಬೇರೆ. ಓಣಿಗೆ ಬರುವ ವ್ಯಾಪಾರಿಗೆ ಹಳೆಯ ಸೀರೆಗಳ ಗಂಟನ್ನು ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವುದು ಇಂದು ಸಾಮಾನ್ಯ. ಸೀರೆ ಹೋದರೆ ಕೌದಿಯೂ ಹೋಯಿತು. ಹಾಸಲು ಹೊದೆಯಲು ಸೊಲ್ಲಾಪುರದ ಚಾದರ, ಪಾಣಿಪತ್ತಿನ ಯಂತ್ರದ ಕಂಬಳಿ ಕಡಿಮೆ ದರಕ್ಕೆ ದೊರೆಯುತ್ತಿವೆ. ಅದೇ ವೇಳೆಗೆ ದೊಡ್ಡ ನಗರಗಳಲ್ಲಿ ಹಳೆಯ ಬಟ್ಟೆಯಿಂದ ಕೈಯಲ್ಲಿ ಹೊಲಿದ ಹೊದಿಕೆಗಳನ್ನೂ ಗೋಡೆಗೆ ತೂಗುಹಾಕುವ ಬಟ್ಟೆಯ ಚಿತ್ರಗಳನ್ನೂ ಕಲಾಕೃತಿಗಳೆಂದು ಕೊಳ್ಳುವವರು ಹುಟ್ಟಿಕೊಂಡಿದ್ದಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಈ ಎರಡು ಸ್ಥಿತಿಗಳ ನಡುವಿನ ಅಂತರವನ್ನು ಲೆಕ್ಕದ ಕಣ್ಣಿನಿಂದ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಒಂದೇ ತಾಲ್ಲೂಕು, ಮೂರು ಹೆಸರು

ತುಂಗಭದ್ರಾ ಜಲಾಶಯವು 1953ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಬದುಕು ಬದಲಾಯಿತು. ಭತ್ತದ ಗದ್ದೆಗಳು, ಅಕ್ಕಿ ಗಿರಣಿಗಳು ಬಂದವು. ಅವುಗಳೊಡನೆ ಆಂಧ್ರದ ರೈತ ಕುಟುಂಬಗಳು ಬಂದು ಕ್ಯಾಂಪ್‌ಗಳಲ್ಲಿ ನೆಲೆಸಿದವು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ದೊರೆಯಿತು. ಅವರ ವಸತಿಗಳನ್ನು ಜನ ಇಂದಿಗೂ ಆರ್.ಎಚ್. ಕ್ಯಾಂಪ್ ಎಂದೇ ಕರೆಯುತ್ತಾರೆ.

ಹಳೆಯ ಬಟ್ಟೆಗಳನ್ನು ಪದರವಾಗಿ ಹಾಸಿ ಹೊಲಿಯುವ ವಿದ್ಯೆ ಈ ಮೂರೂ ಜನವರ್ಗಗಳ ಪರಂಪರೆಯಲ್ಲಿದೆ. ನಾವು ಕೌದಿ ಎನ್ನುವುದನ್ನು ತೆಲುಗಿನವರು ಬೊಂತ ಎನ್ನುತ್ತಾರೆ. ಬಂಗಾಳದಲ್ಲಿ ಅದು ಕಾಂಥಾ. ವಿರಕ್ತರು ಹೊದೆಯುತ್ತಿದ್ದ ತೇಪೆಯ ಬಟ್ಟೆಗೆ ಕನ್ನಡದ ಹಳೆಯ ಸಾಹಿತ್ಯದಲ್ಲಿ ಬರುವ ‘ಕಂಥೆ’ ಎಂಬ ಮಾತಿಗೂ ಬಂಗಾಳದ ಕಾಂಥಾಕ್ಕೂ ಮೂಲವಾದ ಸಂಸ್ಕೃತ ಶಬ್ದ ಒಂದೇ. ಬಂಗಾಳದ ನಕ್ಷಿ ಕಾಂಥಾದಲ್ಲಿ ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ದಾರ ಎಳೆದು, ನಡುವೆ ಅರಳಿದ ತಾವರೆಯನ್ನೂ ಅದರ ಸುತ್ತ ಬಳ್ಳಿ, ಮರ, ಮೀನು, ಮನೆಯ ಸಂಗತಿಗಳನ್ನೂ ಹೊಲಿಯುವುದು ರೂಢಿ. ಅದು ಇಂದು ಭೌಗೋಳಿಕ ಸೂಚಕದ ಮನ್ನಣೆ ಪಡೆದು ದೇಶವಿದೇಶಗಳಲ್ಲಿ ಮಾರಾಟವಾಗುವ ಸರಕು.

ಮಸ್ಕಿ, ಲಿಂಗಸುಗೂರು ಕಡೆಯ ಒಣಬೇಸಾಯದ ಊರುಗಳಲ್ಲಿ ಕೌದಿಗೆ ಇನ್ನೊಂದು ಅರ್ಥವಿದೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬದ ಗಂಟಿನಲ್ಲಿ ಪಾತ್ರೆ, ಹಿಟ್ಟಿನ ಚೀಲಗಳ ಜೊತೆಗೆ ಕೌದಿ ಇರಲೇಬೇಕು. ಕಟ್ಟಡದ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡಿನೊಳಗೆ ಊರಿನಿಂದ ತಂದ ಹಾಸಿಗೆ ಅದೊಂದೇ. ಆದುದರಿಂದ ಈ ಕೌದಿಯನ್ನು ಅಲಂಕಾರದ ವಸ್ತುವೆಂದಷ್ಟೇ ತಿಳಿದು ವ್ಯಾಪಾರಕ್ಕೆ ಇಳಿಯುವವರು ಅದರ ಬೆಲೆಯ ಒಂದು ಪಾಲನ್ನು ಮೊದಲೇ ಕಳೆದುಕೊಳ್ಳುತ್ತಾರೆ.

ಹೊಲಿಯುವ ಬಗೆ

ಕೌದಿಯ ಕೆಲಸ ಸಾಮಾನ್ಯವಾಗಿ ಬೇಸಿಗೆಯ ಬಿಡುವಿನಲ್ಲಿ ನಡೆಯುತ್ತದೆ. ಹಳೆಯ ಸೀರೆ, ಧೋತರ, ಕುಬಸಗಳನ್ನು ಒಗೆದು ಒಣಗಿಸಿ, ಗಟ್ಟಿಯಿರುವ ಭಾಗವನ್ನು ಬೇರ್ಪಡಿಸಿಕೊಳ್ಳುತ್ತಾರೆ. ಮೆತ್ತಗಾದ ಸೀರೆ, ಧೋತರಗಳು ಒಳಪದರಗಳಾಗುತ್ತವೆ. ಬಣ್ಣ ಉಳಿದಿರುವ ತುಂಡುಗಳು ಚೌಕ, ತ್ರಿಕೋನಗಳಾಗಿ ಮೇಲ್ಪದರಕ್ಕೆ ಬರುತ್ತವೆ. ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಅಂಚಿನಿಂದ ಒಳಮುಖವಾಗಿ ನೇರ ಸಾಲಿನ ಹೊಲಿಗೆ ಹಾಕುತ್ತ ನಡುಭಾಗವನ್ನು ತಲುಪುತ್ತಾರೆ. ಮನೆಯ ಹೆಂಗಸರು, ನೆರೆಯವರು ನಾಲ್ಕೂ ಕಡೆ ಕುಳಿತು ಹೊಲಿಯುವುದುಂಟು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳೂ ಉತ್ತರ ಕರ್ನಾಟಕದಲ್ಲಿದ್ದಾರೆ.

ಇದರಲ್ಲಿ ಯಂತ್ರವಿಲ್ಲ, ನಕ್ಷೆಯ ಕಾಗದವಿಲ್ಲ. ಯಾವ ತುಂಡಿನ ಪಕ್ಕ ಯಾವುದು ಇರಬೇಕೆಂಬ ನಿರ್ಧಾರ ಹೊಲಿಯುವವಳದು. ಅತ್ತೆಯ ಸೀರೆಯ ತುಂಡನ್ನು ನಡುವೆ ಇಟ್ಟು ಮಕ್ಕಳ ಬಟ್ಟೆಗಳನ್ನು ಸುತ್ತ ಜೋಡಿಸುವುದು, ತೀರಿಕೊಂಡವರ ಬಟ್ಟೆಯ ಒಂದು ಚೌಕವನ್ನು ಮರೆಯದೆ ಸೇರಿಸುವುದು ಇವು ವಿನ್ಯಾಸದ ನಿರ್ಣಯಗಳೇ. ಈ ಕೌಶಲಕ್ಕೆ ಪ್ರಮಾಣಪತ್ರವಿಲ್ಲದ ಕಾರಣ ಅದಕ್ಕೆ ಕೂಲಿಯೂ ಇಲ್ಲವೆಂಬಂತೆ ನಾವು ನಡೆದುಕೊಳ್ಳುತ್ತಿದ್ದೇವೆ.

ಬಟ್ಟೆಯ ಮೇಲಿನ ಹೂವುಗಳು

ಕೌದಿಗೆ ಬರುವ ಬಟ್ಟೆಗಳಲ್ಲಿ ಹೂವು ಮೊದಲೇ ಇರುತ್ತದೆ. ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ‘ಕೊಂಡಿ’ ಎಂಬ ವಿಧಾನದಿಂದ ಎಳೆಗೆ ಎಳೆ ಕೂಡಿಸುತ್ತಾರೆ. ಕೆಂಪು ಬಿಳುಪಿನ ‘ತೋಪು ತೆನಿ’ ಸೆರಗು ಜೋಳದ ತೆನೆಯನ್ನು ಹೆಸರಿನಲ್ಲೇ ಉಳಿಸಿಕೊಂಡಿದೆ. ಅದೇ ಸೀರೆಯ ಮೇಲೆ ಕಸೂತಿಯವರು ತಾವರೆ, ತುಳಸಿ ಕಟ್ಟೆ, ಗೋಪುರ, ತೇರು, ಆನೆ, ನವಿಲುಗಳನ್ನು ಬಿಡಿಸುತ್ತಾರೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಚಿತ್ರ ಮೂಡಿಸಬೇಕು. ಗವಂತಿ ಮತ್ತು ಮುರಗಿಯಲ್ಲಿ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು, ಗಂಟು ತೋರಬಾರದು. ಮದುವೆಯ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಇಂತಹ ಕಸೂತಿ ಇದ್ದರೆ ಅದು ಹರಿದ ಮೇಲೂ ಮನೆಯವರು ಎಸೆಯುವುದಿಲ್ಲ. ಆ ಭಾಗವನ್ನು ಕತ್ತರಿಸಿ ಕೌದಿಯ ನಡುವೆ ಇಟ್ಟರೆ ಅಜ್ಜಿಯ ಕೈಯ ಹೂವು ಮೊಮ್ಮಗಳ ಕಾಲಕ್ಕೂ ಉಳಿಯುತ್ತದೆ.

ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಲಂಬಾಣಿ ತಾಂಡಾಗಳು ಅನೇಕ. ಲಂಬಾಣಿ ಕಸೂತಿಯ ಹೊಲಿಗೆಗಳಲ್ಲಿ ಒಂದರ ಹೆಸರು ‘ಸೂರ್ಯಕಾಂತಿ ಮಾಕಿ’. ಕನ್ನಡಿ ಬಿಲ್ಲೆ, ಕವಡೆ, ನಾಣ್ಯ, ಗಾಢವಾದ ಕೆಂಪು ಹಳದಿ ದಾರಗಳ ಈ ಕೆಲಸವನ್ನೂ ಹಳೆಯ ಬಟ್ಟೆಯ ಪದರಗಳ ಮೇಲೆ ಮಾಡುವುದುಂಟು.

ಹೊಸದಾಗಿ ಬಟ್ಟೆಯ ಚಿತ್ರಕಲೆಗೆ ಇಳಿಯುವವರು ಗುಲಾಬಿ, ಟ್ಯೂಲಿಪ್‌ಗಳ ಸಿದ್ಧ ನಮೂನೆಗಳನ್ನು ನಕಲು ಮಾಡುವ ಅಗತ್ಯವಿಲ್ಲ. ಬೆಳಿಗ್ಗೆ ತೆಳು ಹಳದಿಯಾಗಿ ಅರಳಿ ಮರುದಿನಕ್ಕೆ ನಸುಗೆಂಪಾಗುವ ಹತ್ತಿಯ ಹೂವು, ಮುಳ್ಳಿನ ನಡುವೆ ಕೇಸರಿ ಬಣ್ಣ ತೋರುವ ಕುಸುಬೆ, ಬದುವಿನ ಮೇಲಿನ ತಂಗಡಿ, ಹಬ್ಬದ ಚೆಂಡುಹೂವು, ಹೊಲದ ಸೂರ್ಯಕಾಂತಿ ಇವು ನಮ್ಮವು. ಹತ್ತಿ ಬೆಳೆದ ಮನೆತನದ ಕೌದಿಯಲ್ಲಿ ಹತ್ತಿಯ ಹೂವು ಬಂದರೆ ಅದು ಅಲಂಕಾರವೂ ಹೌದು, ಆ ಕುಟುಂಬದ ಕಸುಬಿನ ಗುರುತೂ ಹೌದು.

ಹೊರಗಿನ ನಿದರ್ಶನಗಳು

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನಗೊಂಡಿವೆ. ಅವರ ಕೌದಿಯ ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಪುಟ್ಟ ತ್ರಿಕೋನಗಳಿರುತ್ತವೆ. ಅವಕ್ಕೆ ‘ಫುಲಾ’, ಅಂದರೆ ಹೂವು ಎಂದೇ ಹೆಸರು. ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಇದನ್ನು ದಾಖಲಿಸಿದ ಮೇಲೆ ಆ ಮೂಲೆಯ ತುಂಡುಗಳೇ ಸಿದ್ದಿ ಕೌದಿಯ ಗುರುತಾದವು. ಇಂಥ ಚಿಕ್ಕ ವಿವರವನ್ನು ಬರೆದಿಟ್ಟವರು ಇದ್ದುದರಿಂದಲೇ ಅದಕ್ಕೆ ಬೆಲೆ ಬಂದಿತು.

ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ದುಡಿಯುವ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ಕಸೂತಿ ತುಂಡುಗಳ ಪ್ರದರ್ಶನ ಗಿನ್ನಿಸ್ ದಾಖಲೆಗೆ ಸೇರಿತು. ಸಂಡೂರಿನವರು ಸಾಧಿಸಿದ್ದನ್ನು ಮಸ್ಕಿಯ ತಾಂಡಾದವರು ಸಾಧಿಸಲಾರರು ಎನ್ನಲು ಕಾರಣವಿಲ್ಲ. ಅಲ್ಲಿ ಇದ್ದದ್ದು ಸಂಘಟನೆ ಮತ್ತು ದಾಖಲೆ.

ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಕಥೆ ವರ್ತಕರು ವಿಶೇಷವಾಗಿ ಗಮನಿಸತಕ್ಕದ್ದು. ಗುಲಾಮರಾಗಿದ್ದವರ ಸಂತತಿಯ ಹೆಂಗಸರು ಹೊಲದ ಕೆಲಸದ ಹಳೆಯ ಉಡುಪುಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ ಮತ್ತು ನ್ಯೂಯಾರ್ಕ್‌ನ ಕಲಾ ಸಂಗ್ರಹಾಲಯಗಳ ಗೋಡೆ ಏರಿದವು. 2003ರಲ್ಲಿ ಅವರು ತಮ್ಮದೇ ಸಂಘ ಕಟ್ಟಿಕೊಂಡರು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಆ ಕೌದಿಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರಡಿಸಿತು. ಆದರೆ 2007ರಲ್ಲಿ ಕೌದಿಗಳ ಮತ್ತು ಅವುಗಳ ವಿನ್ಯಾಸದ ಆದಾಯದಲ್ಲಿ ತಮಗೆ ಸಲ್ಲಬೇಕಾದ ಪಾಲು ದೊರೆತಿಲ್ಲವೆಂದು ಕೆಲವರು ನ್ಯಾಯಾಲಯಕ್ಕೆ ಹೋದರು, 2008ರಲ್ಲಿ ರಾಜಿಯಾಯಿತು. ವಸ್ತುವಿನ ಬೆಲೆ, ವಿನ್ಯಾಸದ ಹಕ್ಕು, ಚಿತ್ರ ಮುದ್ರಿಸುವ ಹಕ್ಕು ಇವು ಮೂರು ಪ್ರತ್ಯೇಕ ಬಾಬತ್ತುಗಳೆಂಬುದನ್ನು ಮೊದಲ ದಿನವೇ ಬರೆದುಕೊಳ್ಳಬೇಕೆಂಬ ಪಾಠ ಇದರಲ್ಲಿದೆ.

ಒಂದು ಕೌದಿಯ ಬೆಲೆಪಟ್ಟಿ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ವಿಧಾನವನ್ನು ತಿಳಿಸಲು ಕೊಟ್ಟ ಉದಾಹರಣೆ ಮಾತ್ರ. ತಮ್ಮ ತಮ್ಮ ಊರಿನ ದರಗಳನ್ನು ಓದುಗರೇ ಹಾಕಿಕೊಳ್ಳಬೇಕು.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ, ಹೂವಿನ ಕೆಲಸವಿರುವ ಒಂದು ಕೌದಿಗೆ 90 ಗಂಟೆಗಳ ಕೈಕೆಲಸ ಹಿಡಿಯುತ್ತದೆಂದು ಭಾವಿಸೋಣ. ದಾರ ಮತ್ತು ಕೆಳಪದರದ ಹೊಸ ಬಟ್ಟೆಗೆ 600 ರೂಪಾಯಿ, ಒಗೆತ ಮತ್ತು ಪ್ಯಾಕಿಂಗ್‌ಗೆ 250 ರೂಪಾಯಿ, ಒಟ್ಟು 850 ರೂಪಾಯಿ ಖರ್ಚು. ಇದನ್ನು ಊರಿನಲ್ಲಿ 1,500 ರೂಪಾಯಿಗೆ ಮಾರಿದರೆ ಉಳಿಯುವುದು 650 ರೂಪಾಯಿ. 90 ಗಂಟೆಗೆ ಭಾಗಿಸಿದರೆ ಗಂಟೆಗೆ ಏಳು ರೂಪಾಯಿ ಚಿಲ್ಲರೆ. ಹೊಲಿದವಳು ಇದನ್ನು ಲಾಭವೆಂದು ತಿಳಿಯುತ್ತಾಳೆ, ಏಕೆಂದರೆ ಸೀರೆ ಮನೆಯದು, ಸಮಯ ‘ಬಿಡುವಿನದು’.

ಗಂಟೆಗೆ 50 ರೂಪಾಯಿ ಕೂಲಿ ಹಿಡಿದರೆ ಚಿತ್ರವೇ ಬೇರೆ. ಕೂಲಿ 4,500, ಸಾಮಗ್ರಿ ಇತ್ಯಾದಿ 850, ಒಟ್ಟು 5,350 ರೂಪಾಯಿ. ಮೇಲ್ವೆಚ್ಚ ಶೇ. 10ರಂತೆ 535 ಸೇರಿಸಿದರೆ 5,885. ಲಾಭ ಶೇ. 15ರಂತೆ 883 ಸೇರಿಸಿದರೆ ಬೆಲೆ 6,768 ರೂಪಾಯಿ.

ಈ ಬೆಲೆಗೆ ಸಿಂಧನೂರಿನ ವಾರದ ಸಂತೆಯಲ್ಲಿ ಗಿರಾಕಿ ಸಿಗುವುದಿಲ್ಲ. ಆದುದರಿಂದ ಎರಡು ದರ್ಜೆಯ ಸರಕು ಬೇಕು. ದಿನಬಳಕೆಗೆ ಸರಳ ಹೊಲಿಗೆಯ, ಕಡಿಮೆ ಗಂಟೆಗಳ ಕೌದಿ ಒಂದು. ಗಿರಾಕಿಯ ಮನೆಯ ಸೀರೆಗಳಿಂದಲೇ ಆರ್ಡರಿನ ಮೇರೆಗೆ ಮಾಡುವ ಕಲಾಕೃತಿ ಇನ್ನೊಂದು. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ನಮ್ಮ ಭಾಗದ ಕುಟುಂಬಗಳಿಗೆ ತಾಯಿಯ ಹತ್ತು ಸೀರೆಗಳನ್ನು ಬೀರುವಿನಲ್ಲಿ ಇಡಲೂ ಆಗದು, ಎಸೆಯಲೂ ಆಗದು. ಎರಡನೆಯ ದರ್ಜೆಯ ನಿಜವಾದ ಮಾರುಕಟ್ಟೆ ಅವರೇ.

ಹೆಸರಿನ ಚೀಟಿ

ಮಸ್ಕಿಯವರಿಗೆ ಹೆಸರಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1915ರಲ್ಲಿ ಇಲ್ಲಿ ದೊರೆತ ಬಂಡೆಶಾಸನ ಲೋಕಪ್ರಸಿದ್ಧವಾದದ್ದು ಅದರಲ್ಲಿ ‘ಅಶೋಕ’ ಎಂಬ ಹೆಸರು ಕೆತ್ತಲ್ಪಟ್ಟಿದ್ದರಿಂದ. ಅದಕ್ಕೆ ಮೊದಲು ದೊರೆತಿದ್ದ ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ಅರಸ ಯಾರೆಂಬುದು ನಿಸ್ಸಂದೇಹವಾದದ್ದು ಮಸ್ಕಿಯ ಕಲ್ಲಿನಿಂದ.

ಹೆಸರಿಲ್ಲದ ಕೌದಿಯನ್ನು ಬಟ್ಟೆಯ ತೂಕದ ಮೇಲೆ ಕೊಳ್ಳುತ್ತಾರೆ. ಪ್ರತಿ ಕೌದಿಯ ಜೊತೆ ಒಂದು ಚೀಟಿ ಇರಲಿ: ಯಾವ ಊರಿನ, ಯಾರ ಸೀರೆಗಳು, ಯಾವ ಸಂದರ್ಭದವು, ಹೂವಿನ ಹೆಸರೇನು, ಹೊಲಿದವರು ಯಾರು, ಎಷ್ಟು ಗಂಟೆ ಹಿಡಿಯಿತು. ಹೊಲಿದವರ ಹೆಸರನ್ನು ಅವರ ಒಪ್ಪಿಗೆಯಿಂದಲೇ ಬರೆಯಬೇಕು. ಇದರ ಪ್ರತಿಯೊಂದನ್ನು ತಯಾರಕರು ಪುಸ್ತಕದಲ್ಲಿ ಉಳಿಸಿಕೊಂಡರೆ ಅದೇ ಮುಂದೆ ದರ ನಿಗದಿಗೂ ಸಾಲದ ಅರ್ಜಿಗೂ ಭೌಗೋಳಿಕ ಸೂಚಕಕ್ಕೆ ಪ್ರಯತ್ನಿಸುವುದಾದರೆ ಅದಕ್ಕೂ ಆಧಾರವಾಗುತ್ತದೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು. ಅದರಡಿ ಅರ್ಜಿ ಸಲ್ಲಿಸುವವರು ಉತ್ಪಾದಕರ ಸಂಘವೋ ಉತ್ಪಾದಕರ ಹಿತವನ್ನು ಪ್ರತಿನಿಧಿಸುವ ಸಂಸ್ಥೆಯೋ ಆಗಿರಬೇಕು ಮತ್ತು ಆ ಕಸುಬಿಗೂ ಆ ಪ್ರದೇಶಕ್ಕೂ ಇರುವ ಸಂಬಂಧವನ್ನು ದಾಖಲೆಯಿಂದ ತೋರಿಸಬೇಕು.

ಗಿರಾಕಿಯ ಸೀರೆಗಳನ್ನು ಪಡೆಯುವಾಗ ವಿಶೇಷ ಎಚ್ಚರ ಅಗತ್ಯ. ಕಳೆದುಹೋದ ಅಕ್ಕಿಯ ಚೀಲಕ್ಕೆ ಬದಲು ಚೀಲ ಕೊಡಬಹುದು, ತೀರಿಕೊಂಡ ತಾಯಿಯ ಸೀರೆಗೆ ಬದಲಿಲ್ಲ. ಪ್ರತಿ ಸೀರೆಯ ಫೋಟೋ ತೆಗೆದು, ಎಣಿಸಿ, ರಸೀದಿ ಕೊಡಬೇಕು. ಯಾವ ಭಾಗವನ್ನು ಕತ್ತರಿಸಬಹುದು, ಉಳಿದ ತುಂಡುಗಳನ್ನು ಹಿಂದಿರುಗಿಸಬೇಕೇ ಎಂಬುದನ್ನು ಬರೆಸಿಕೊಳ್ಳಬೇಕು. ಬಿಳಿಯ ಬಟ್ಟೆಯನ್ನು ಒದ್ದೆಮಾಡಿ ಸೀರೆಯ ಮೇಲೆ ಉಜ್ಜಿ ಬಣ್ಣ ಬಿಡುವುದೇ ಎಂದು ಪರೀಕ್ಷಿಸಬೇಕು. ಹೊಸ ಕೆಳಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸದಿದ್ದರೆ ಮೊದಲ ಒಗೆತದಲ್ಲಿ ಅದು ಕುಗ್ಗಿ ಇಡೀ ಕೌದಿ ಮುದುಡುತ್ತದೆ.

ತೆರಿಗೆ ಮತ್ತು ಪಾವತಿ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಂತೆ ಹತ್ತಿಯ ಕ್ವಿಲ್ಟ್‌ಗಳಿಗೆ ಒಂದಕ್ಕೆ 2,500 ರೂಪಾಯಿವರೆಗೆ ಶೇ. 5, ಅದನ್ನು ಮೀರಿದರೆ ಶೇ. 18 ತೆರಿಗೆ. ಮೇಲಿನ ಉದಾಹರಣೆಯ 6,768 ರೂಪಾಯಿಯ ಕೌದಿಯನ್ನು ನೋಂದಾಯಿತ ವರ್ತಕರು ಮಾರಿದರೆ ತೆರಿಗೆಯೇ 1,218 ರೂಪಾಯಿ ಆಗುತ್ತದೆ. ಬೆಲೆ ನಿಗದಿಯ ಹಂತದಲ್ಲೇ ಇದನ್ನು ಗಮನಿಸಬೇಕು. ಗೋಡೆಗೆ ತೂಗುಹಾಕುವ ಕಲಾಕೃತಿಗೆ ಬೇರೆ ಶೀರ್ಷಿಕೆ ಅನ್ವಯಿಸಬಹುದಾದ್ದರಿಂದ ಬಿಲ್ ಬರೆಯುವ ಮುನ್ನ ಎಚ್.ಎಸ್.ಎನ್. ಸಂಕೇತವನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಕರ್ನಾಟಕದಲ್ಲಿ ಸರಕನ್ನಷ್ಟೇ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಿಲ್ಲ. ಆದರೆ ಗಿರಾಕಿಯೇ ಸೀರೆ ಕೊಟ್ಟು ಹೊಲಿಸಿಕೊಂಡಾಗ ನಾವು ಮಾರುವುದು ದುಡಿಮೆಯನ್ನು, ಅಂದರೆ ಸೇವೆಯನ್ನು. ಅಲ್ಲಿ ಮಿತಿ 20 ಲಕ್ಷ. ಎರಡೂ ಬಗೆಯ ಕೆಲಸ ಮಾಡುವವರು ಲೆಕ್ಕವನ್ನು ಬೇರೆ ಬೇರೆಯಾಗಿ ಬರೆಯಬೇಕು. 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣ ತಯಾರಕರೂ ಆನ್‌ಲೈನ್ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಸರಕು ಮಾರಲು ಅವಕಾಶವಿದೆ. ಆ ತಾಣಗಳ ಮೂಲಕ ಹೊರರಾಜ್ಯಕ್ಕೆ ಮಾರಲು ಈ ಸೌಲಭ್ಯ ಅನ್ವಯಿಸುವುದಿಲ್ಲ.

ಮಹಿಳೆಯರ ಗುಂಪು ಉದ್ಯಮ್ ನೋಂದಣಿ ಪಡೆದ ತಯಾರಕ ಘಟಕವಾಗಿದ್ದರೆ, ಅವರಿಂದ ಕೊಳ್ಳುವ ವರ್ತಕರು 2006ರ ಕಾಯ್ದೆಯಂತೆ ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳೊಳಗೆ, ಇದ್ದಲ್ಲಿ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕು. 2024-25ರ ಕರನಿರ್ಧಾರಣಾ ವರ್ಷದಿಂದ, ಈ ಅವಧಿ ಮೀರಿದ ಬಾಕಿಯು ನಿಜವಾಗಿ ಪಾವತಿಯಾಗುವವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆಯಲ್ಪಡುವುದಿಲ್ಲ. ‘ಮಾರಾಟವಾದ ಮೇಲೆ ಕೊಡುತ್ತೇವೆ’ ಎಂಬ ನಮ್ಮ ಹಳೆಯ ವಾಡಿಕೆ ಇಲ್ಲಿ ನಮಗೇ ನಷ್ಟ ತರುತ್ತದೆ.

ಮಾಡಬೇಕಾದ ಕೆಲಸ

ದೊಡ್ಡ ಬಂಡವಾಳವನ್ನು ಬೇಡುವ ಉದ್ದಿಮೆ ಇದಲ್ಲ. ಮೂರೂ ಊರುಗಳ ಜವಳಿ ವರ್ತಕರು ತಮ್ಮ ಅಂಗಡಿಯ ಒಂದು ಮೂಲೆಯಲ್ಲಿ ಹೆಸರಿನ ಚೀಟಿಯುಳ್ಳ ಕೌದಿಗಳನ್ನು ಇಡಬಹುದು. ಅಂಗಡಿಯಲ್ಲಿ ಉಳಿಯುವ ಮಾದರಿ ತುಂಡುಗಳನ್ನು ಹೊಲಿಯುವವರಿಗೆ ಕೊಡಬಹುದು. ಕೌದಿ ಬಲ್ಲವರು ನಮ್ಮ ಓಣಿಗಳಲ್ಲಿ ಯಾರಿದ್ದಾರೆ, ತಾಂಡಾಗಳಲ್ಲಿ ಯಾರಿದ್ದಾರೆ, ಕಾಂಥಾ ಮತ್ತು ಬೊಂತ ಬಲ್ಲವರು ಕ್ಯಾಂಪ್‌ಗಳಲ್ಲಿ ಯಾರಿದ್ದಾರೆ ಎಂಬ ಪಟ್ಟಿಯನ್ನು ವಾಣಿಜ್ಯ ಸಂಘಗಳು ತಯಾರಿಸಬಹುದು. ಈ ಪಟ್ಟಿಯ ಕೆಲಸ ಬೇಗನೆ ಆಗಬೇಕು. ಏಕೆಂದರೆ ಬಲ್ಲವರಲ್ಲಿ ಹಲವರು ವಯಸ್ಸಾದವರು, ಅವರ ಹೆಣ್ಣುಮಕ್ಕಳು ಸೂಜಿ ಹಿಡಿಯುವುದನ್ನು ಬಿಡುತ್ತಿದ್ದಾರೆ. ಗಂಟೆಗೆ ಏಳು ರೂಪಾಯಿಯ ದುಡಿಮೆಯನ್ನು ಮುಂದುವರಿಸಿರೆಂದು ಅವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಕೌದಿ ಉಳಿಯಬೇಕಾದರೆ ಅದನ್ನು ಹೊಲಿಯುವ ಗಂಟೆಗಳನ್ನು ಮೊದಲು ಲೆಕ್ಕದ ಪುಸ್ತಕಕ್ಕೆ ತರಬೇಕು. ಮುಂದಿನ ಸಲ ಹಳೆಯ ಸೀರೆಗಳ ಗಂಟು ಮನೆಯಿಂದ ಹೊರಡುವ ಮುನ್ನ, ಅದರಲ್ಲಿ ಯಾರ ಸೀರೆಗಳಿವೆ ಎಂದು ಬಿಚ್ಚಿ ನೋಡಿ ಎಂಬುದಷ್ಟೇ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.